ಬಾಯ್ಲರ್ ರಿಪೇರಿಗೆ ಬಂದವನು

ಮುಖ ನೋಡಿ ಗುರುತು ಹಿಡಿದದ್ದಲ್ಲ.
ಅಡುಗೆಮನೆಯಲ್ಲಿ ಬಗ್ಗಿ
ಬಾಯ್ಲರಿನ ಮುಚ್ಚಳ ಬಿಚ್ಚುತ್ತಿದ್ದವನ ಬೆನ್ನು ನೋಡಿ.
ಎಡಭುಜ ಒಂದಿಷ್ಟು ತಗ್ಗು,
ಹಿಂದೆ ಯಾರಿದ್ದಾರೆಂದು
ಮೊಣಕೈಯಿಂದಲೇ ತಡವಿ ನೋಡುವ ಚಾಳಿ.
ಆ ಬೆನ್ನಿಗೆ ಹನ್ನೊಂದು ವರ್ಷ ಅಂಟಿ ನಿಂತವನು ನಾನು;
ಹೆಂಡತಿಯ ಬೆನ್ನನ್ನೂ ಅಷ್ಟು ಓದಿಲ್ಲ.

"ಆಕ್ರಾಯ್ಡ್?" ಎಂದೆ.
ಸ್ಪ್ಯಾನರ್ ಹಿಡಿದೇ ತಿರುಗಿದ.
ನನ್ನ ಹುಬ್ಬಿನ ಮೇಲಿನ ಹಳೇ ಹೊಲಿಗೆ ನೋಡಿ
"ಓ, ಅದು ನನ್ನದೇ ಕೆಲಸ" ಎಂದ,
ತಾನು ಕಟ್ಟಿದ ಗೋಡೆ ಗುರುತಿಸಿದ ಮೇಸ್ತ್ರಿಯ ಹಾಗೆ.

ಕ್ಲೈವ್ ಆಕ್ರಾಯ್ಡ್.
ಒಂಬತ್ತನೇ ನಂಬರು, ಒಂಬತ್ತು ಕ್ಲಬ್ಬು,
ಅದರಲ್ಲಿ ನಾಲ್ಕು ಎರವಲು:
ನೆರೆಮನೆಗೆ ಏಣಿ ಕೊಟ್ಟ ಹಾಗೆ ಕೊಟ್ಟರು,
ಕೆಲವರು ವಾಪಸು ಕೇಳುವುದನ್ನೇ ಮರೆತರು.
ಹ್ಯಾಲಿಫ್ಯಾಕ್ಸಿನ ಕೆಸರು, ಗ್ರಿಮ್ಸ್‌ಬಿಯ ಮೀನುಗಾಳಿ,
ಸ್ಕಂಥಾರ್ಪಿನಲ್ಲಿ ಉಕ್ಕಿನ ಕುಲುಮೆ ಕೆಂಪಾಗಿಸಿದ ಆಕಾಶದ ಕೆಳಗೆ
ಮಂಗಳವಾರ ರಾತ್ರಿ
ಸಾವಿರದ ಇನ್ನೂರು ಜನ, ಒಂದು ನಾಯಿ.
ಬಾಡಿಗೆ ಕೋಣೆಗಳ ಒಡತಿಯರ ಹೆಸರು ಇಂದಿಗೂ ಬಾಯಿಪಾಠ;
ಮ್ಯಾನೇಜರುಗಳು ಮಾತ್ರ ಕಲಸುಮೇಲೋಗರ.

ದೊಡ್ಡ ಕ್ಲಬ್ಬಿನವರು ಒಮ್ಮೆ ನೋಡಲು ಬಂದಿದ್ದರಂತೆ,
ಫೆಬ್ರವರಿಯಲ್ಲಿ, ಉಣ್ಣೆಯ ಉದ್ದ ಕೋಟಿನವನೊಬ್ಬ.
ಇಪ್ಪತ್ತನೇ ನಿಮಿಷಕ್ಕೆ ಮಂಜು ಕವಿದು ಆಟ ನಿಂತಿತು.
ಕೋಟು ಮತ್ತೆ ಬರಲಿಲ್ಲ.
ಇದನ್ನು ಹೇಳುವಾಗ ಚೀಲದಲ್ಲಿ ವಾಷರು ಹುಡುಕುತ್ತಿದ್ದ.
ಸಿಕ್ಕಿತು. ಅಳತೆ ಬೇರೆ.

ಚಹಾ ಕೊಟ್ಟೆ, ಮೂರು ಚಮಚ ಸಕ್ಕರೆ.
ಬಲಗಾಲನ್ನು ಮಡಚಲಾಗದೆ
ಬೇರೆ ಯಾರದೋ ಸಾಮಾನಿನಂತೆ ಜೋಪಾನವಾಗಿ ನೆಲದ ಮೇಲೆ ಚಾಚಿಟ್ಟ.
ಆ ಮಂಡಿಗೆ ಸೂಜಿ ಚುಚ್ಚಿ ಚುಚ್ಚಿ ಆಡಿಸಿದ ಡಾಕ್ಟರು ಹೋದ ವರ್ಷ ತೀರಿಕೊಂಡ,
ಹೂ ಕಳಿಸಿದೆ, ಎಂದ.
ನಗುತ್ತಾನೇನೋ ಎಂದು ಕಾದೆ. ನಗಲಿಲ್ಲ.

"ಒಟ್ಟು ಎಷ್ಟಾಯಿತು?"
ನಾನು ಕೇಳಿದ್ದು ರಿಪೇರಿಯ ಬಾಬತ್ತು.
"ನೂರ ನಲವತ್ಮೂರು" ಎಂದ, ಚೂರೂ ತಡೆಯದೆ.
ಗೋಲುಗಳು.
"ನಲವತ್ತೆರಡು" ಎಂದೆ.

ರಾಚ್‌ಡೇಲಿನಲ್ಲಿ, ಹಿಮವೂ ಮಳೆಯೂ ಕಲೆತು ಸುರಿಯುವಾಗ
ಮೂಲೆಯಿಂದ ಬಂದ ಚೆಂಡು ತಾಗಿದ್ದು ನನ್ನ ಮಂಡಿಗೆ.
ಕೈ ಎತ್ತಿ ಓಡಿದವನು ಅವನು.
ಮರುದಿನದ ಪೇಪರು ಅವನ ಹೆಸರು ಹಾಕಿತು.
ನಾನು ಬಾಯಿ ಬಿಡಲಿಲ್ಲ; ನಮ್ಮದೇ ಗೋಲಿಗೆ ಹೊಡೆದ ಮಾನಗೇಡು
ಇನ್ನೊಬ್ಬನ ಕೀರ್ತಿಯಾಗಿ ಕಳೆದುಹೋದರೆ
ಬೇಡ ಎನ್ನಲು ನಾನೇನು ಹರಿಶ್ಚಂದ್ರನೆ?

ಕರಗಿದ ಸಕ್ಕರೆಯನ್ನೇ ಮತ್ತೆ ಕಲಕಿದ.
"ಆ ವಾರ ನನ್ನ ಕರಾರು ಮುಗಿಯುವುದಿತ್ತು" ಎಂದ.
"ಆ ಒಂದರ ಮೇಲೆ ಇನ್ನೊಂದು ವರ್ಷ ಕೊಟ್ಟರು.
ಮನೆಯಲ್ಲಿ ಆಗ ಆರು ತಿಂಗಳ ಕೂಸು."
ಗೋಡೆಯ ಮೇಲಿನ ರೇಡಿಯೇಟರು
ಟಿಕ್ ಟಿಕ್ ಎನ್ನುತ್ತಾ ಮೆಲ್ಲಗೆ ಬೆಚ್ಚಗಾಗತೊಡಗಿತ್ತು.

ಬಿಲ್ಲು ಬರೆದ. ಕೂಲಿ, ವಾಷರು, ತೆರಿಗೆ.
ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ:
ಮಂಡಿ ಬಾಡಿಗೆ, ಹತ್ತು ಪೌಂಡು ವಜಾ.

ಚೀಲ ಹೆಗಲಿಗೇರಿಸಿ ಎದ್ದ.
ನೋಡುತ್ತೇನೆ, ನನಗೇ ಅರಿವಿಲ್ಲದೆ
ಅವನಿಗೂ ಬಾಗಿಲಿಗೂ ನಡುವೆ ನಿಂತಿದ್ದೇನೆ,
ಕಾಲು ಅಗಲಿಸಿ, ತೋಳಷ್ಟೇ ದೂರದಲ್ಲಿ.
"ದಾರಿ ಬಿಡು ಮಾರಾಯ, ಓಲ್ಡಮ್‌ನಲ್ಲಿ
ಇನ್ನೊಂದು ಮನೆ ತಣ್ಣಗೆ ಕೂತಿದೆ" ಎಂದ.
ಎಡಭುಜ ಇಳಿಸಿದ.

ನಾನು ಅತ್ತ ವಾಲಿದೆ,
ಅರವತ್ತೊಂದರ ಈ ವಯಸ್ಸಿನಲ್ಲೂ.
ಅವನು ಇತ್ತ ಹೊರಟುಹೋದ.