ಚೌಕ

ಸೆಕೆಂಡ್‌ಹ್ಯಾಂಡ್ ಕಾರು, ಸೇಡಂ ರೋಡಿನ ನೋಟರಿಯವರದು.
ಬ್ಲೂಟೂತ್ ಹಚ್ಚಿದೆ. ಗಿರಗಿರ ತಿರುಗಿ
ಐದುನೂರು ಹೆಸರು ನುಂಗಿ, ಸಾಕಂತು.
ಇಂಗ್ಲೀಷಿನ್ಯಾಗ ಬರಕೊಂಡವರೆಲ್ಲ ಒಳಗ:
ಆಫೀಸು, ಗ್ಯಾಸು, ಯಾವಾಗೋ ಬಿಟ್ಟ ಪಾಲಿಸಿಯ ಏಜೆಂಟ.
ಕನ್ನಡದಾಗ ಬರಕೊಂಡವರು ಪಾಳಿ ಕಡೀಕ;
ಏಳೆಂಟು ಮಂದಿ ಹೆಂಗೋ ತೂರಿದ್ರು,
ಅವರಿಗೂ ಮುಖ ಇಲ್ಲ,
ಬರೀ ಚೌಕ, ಚೌಕ, ಚೌಕ,
ಶಾಬಾದ ಫರಸಿ ಹಾಸಿದಂಗ.

ರಿಂಗ್ ರೋಡು. ಹನ್ನೆರಡರ ಬಿಸಿಲಿಗೆ ಸ್ಟೇರಿಂಗ್ ಸುಡತದ.
ಹಿಂದ ಹೆಡ್‌ಮಾಸ್ತರು, ತೊಡಿಮ್ಯಾಲ ಟಿಫಿನ್ ಡಬ್ಬಿ.
ತಂಗಿ ಗೌರಾಬಾಯಿ ಯಾವ ಕಲ್ಲಿನ ಕೆಳಗ ಅದಾಳ?
ಮೂರನೇದು ಒತ್ತಿದೆ, ಅಂದಾಜಿನ ಮ್ಯಾಲ.

ನಾಕೂ ಬಾಗಿಲದಾಗಿಂದ ಒಂದೇ ದನಿ:
"ಸಲಾಂರಿ ಬಾಯಾರೆ!
ಅಡಗಿಮನಿ ಫರಸಿದು ಎಂಟುನೂರು ಬಾಕಿ.
ನೆನಪಾತೇನ್ರಿ?"

ಮಾಸ್ತರು ಕಿಟಕಿ ಹೊರಗ ತೊಗರಿ ನೋಡ್ಕೋತ ಕುಂತ್ರು,
ಎಂದೂ ತೊಗರಿ ಕಾಣದವರಂಗ.
ದನಿ ಸಣ್ಣ ಮಾಡೋ ಗುಂಡಿ ಸಿಗಲಿಲ್ಲ.

ರಾತ್ರಿ ಕುಂತು
ತಂಗೀನ ಇಂಗ್ಲೀಷಿಗೆ ಸರಿಸಿದೆ.
ಗೌಸೋದ್ದೀನನ ಚೌಕ ಮಾತ್ರ
ಹಂಗೇ ಅದ, ಬಾಕಿ ತೀರೋತನ.