ಕಬ್ಬಿಣದ ಕಡಲೆ

ಮಿಡಲ್ಸ್‌ಬ್ರೋ. ಸೌತ್ ಬ್ಯಾಂಕಿನ ಚರ್ಚಿನ ಹಿಂದೆ
ಬಿಂಗೋ ಮೇಜಿನ ಮೇಲೆ ಬಿಳಿ ಕಾಗದ ಹಾಸಿ ಕೂತಿದ್ದೇನೆ.
ನೆಗಡಿಯಾದವರ ಹಾಗೆ ಹೀಟರು ಮೂಗೆಳೆಯುತ್ತಿದೆ.
ಹೊರಗೆ ಟೀಸ್ ನದಿ. ಪೂರ್ವಕ್ಕೆ, ಊದುಕುಲುಮೆ ಇದ್ದ ಕಡೆ,
ಈಗ ಬರೀ ಆಕಾಶ.

ಇವತ್ತಿನ ಏಳನೆಯವಳು ಗ್ಲೆನಿಸ್ ಹಾರ್ಕರ್.
ನಲವತ್ತಾರು. ಶಾಲೆಯ ಅಡುಗೆಮನೆಯಲ್ಲಿ ಕೆಲಸ.
ಕೆಳರೆಪ್ಪೆ ಎಳೆದು ನೋಡಿದೆ:
ಅಕ್ಕಿ ತೊಳೆದ ನೀರಿನ ಬಣ್ಣ.
ಅವಳ ತಾತ ಕರಗಿಸಿದ ಉಕ್ಕು
ಸಿಡ್ನಿಯಲ್ಲಿ ಸೇತುವೆಯಾಗಿ ನಿಂತಿದೆಯಂತೆ,
ಅಪ್ಪನ ಅಂಗಿ ನೆನೆಹಾಕಿದರೆ ಬಕೆಟಿನ ನೀರೆಲ್ಲ ತುಕ್ಕಂತೆ.
ತೋಳು ಚಾಚುತ್ತ ಅವಳೇ ಹೇಳಿದಳು.
ಇವಳ ಫೆರಿಟಿನ್ ಮಾತ್ರ ಆರು.
ಮೂವತ್ತೂ ಅಲ್ಲ, ಹದಿನೈದೂ ಅಲ್ಲ, ಆರು.

ಒಬ್ಬ ಹೆಂಗಸಿನ ಮೈಯ ಕಬ್ಬಿಣವೆಲ್ಲ ಸೇರಿದರೆ
ಒಂದು ಮೊಳೆಯಾದೀತು, ಕ್ಯಾಲೆಂಡರ್ ತೂಗುಹಾಕುವಂಥದ್ದು.
ಇವಳದಕ್ಕೆ ಒಂದು ತಿಂಗಳ ಹಾಳೆಯೂ ಭಾರ.

ಪ್ರಶ್ನೆ ಇಪ್ಪತ್ತಮೂರು:
ಆಹಾರವಲ್ಲದ್ದನ್ನು ತಿನ್ನಬೇಕೆನಿಸುತ್ತದೆಯೇ?
ಇಲ್ಲ, ಅಂದಳು. ತೀರಾ ಬೇಗ ಅಂದಳು.
ಪೆನ್ನು ಕೆಳಗಿಟ್ಟು, ನಿಯಮಾವಳಿಯಲ್ಲಿಲ್ಲದ ಮಾತೊಂದು ಆಡಿದೆ:
ಮೂರನೇ ಕ್ಲಾಸಿನಲ್ಲಿ ದಿನಕ್ಕೆರಡು ಬಳಪ ತಿನ್ನುತ್ತಿದ್ದೆ ನಾನು.
ಸ್ಲೇಟು ಖಾಲಿ, ನಾಲಿಗೆ ಬೂದಿ.
ಅಮ್ಮ ಬಾರಿಸಿದಳು. ರಕ್ತ ಯಾರೂ ನೋಡಲಿಲ್ಲ.

ಅವಳು ಕಿಟಕಿಯ ಕಡೆ ತಿರುಗಿದಳು.
ಐಸು, ಅಂದಳು.
ರಾತ್ರಿ ಎರಡು ಗಂಟೆಗೆ ಫ್ರಿಜ್ಜಿನ ಬೆಳಕಿನಲ್ಲಿ ನಿಂತು
ಕಟಕಟ, ಕಟಕಟ.
ಇಲಿ ಬಂದಿದೆಯೆಂದು ಗಂಡ ಬೋನು ತಂದಿಟ್ಟ.
ನಕ್ಕೆವು.
ಸೂಜಿ ನರದೊಳಗಿರುವಾಗ ನಗಬಾರದು.

ಆಮೇಲೆ ಬಟ್ಟಲು ಕೊಟ್ಟೆ. ಬೇಯಿಸಿದ ಕಡಲೆ, ನೂರಿಪ್ಪತ್ತು ಗ್ರಾಂ.
ಮಣ್ಣಿಲ್ಲದೆ ಬರೀ ನೀರಿನಲ್ಲಿ ಬೆಳೆಸಿ
ಮಾಮೂಲಿಗಿಂತ ಎಳ್ಳಿನ ಚೂರಿನಷ್ಟು ಹೆಚ್ಚು ತೂಗುವ ಕಬ್ಬಿಣವನ್ನು
ಬೇರಿಗೆ ಕುಡಿಸಿದ ಕಡಲೆ.
ಎರಡು ವಾರದ ಮೇಲೆ ಆ ತೂಕದ ಕಬ್ಬಿಣ
ರಕ್ತದಲ್ಲಿ ಎಷ್ಟು ಸಿಕ್ಕುತ್ತದೋ ಅಷ್ಟು ಅವಳದು,
ಉಳಿದದ್ದು ಚರಂಡಿ ಹಿಡಿದು ಟೀಸ್ ನದಿಗೆ.
ಕಬ್ಬಿಣದ ಕಡಲೆ! ಒಳಗೊಳಗೇ ನಕ್ಕೆ.
ನನ್ನ ಬೆಂಚಿನೆದುರು ನಿಂತು ಗಣಿತದ ಮೇಷ್ಟ್ರು
ತಲೆ ಚಚ್ಚಿಕೊಂಡು ಹೇಳುತ್ತಿದ್ದದ್ದನ್ನು
ಇಲ್ಲೊಬ್ಬಳು ಉಪ್ಪು ಕೇಳಿ ಹಾಕಿಸಿಕೊಂಡು ತಿನ್ನುತ್ತಿದ್ದಾಳೆ.
ಹೇಳೋಣವೆಂದರೆ ಇಂಗ್ಲಿಷಿನಲ್ಲಿ ಆ ಮಾತಿಗೆ ಹಲ್ಲಿಲ್ಲ.

ಬಟ್ಟಲು ತೊಳೆದ ನೀರನ್ನೂ ಕುಡಿಯಬೇಕು, ಅಂದೆ.
ಗಂಜಿಯ ತಣಿಗೆಗೆ ನೀರು ಬಿಟ್ಟು, ಆಡಿಸಿ, ಕುಡಿದೇ ಏಳುತ್ತಿದ್ದಳು
ನಮ್ಮ ಸೋದರತ್ತೆ. ಅದನ್ನು ಯಾರೂ ಸಂಶೋಧನೆ ಅನ್ನಲಿಲ್ಲ.
ಎರಡು ಗಂಟೆ ಚಹಾ ಮುಟ್ಟಬಾರದು, ಅಂದೆ.
ಈ ಊರಿನಲ್ಲಿ
ಅದು ಉಸಿರಾಡಬೇಡ ಅಂದ ಹಾಗೆ.

ಹದಿನಾಲ್ಕನೆಯ ದಿನ ಬಂದಳು. ಕೋಟು ಬಿಚ್ಚಲಿಲ್ಲ.
ಅವತ್ತು ಬಸ್‌ಸ್ಟಾಪಿನಲ್ಲಿ ಅಕ್ಕ ಸಿಕ್ಕಳು, ಫ್ಲಾಸ್ಕಿತ್ತು,
ಅಪ್ಪನ ವಿಷಯ ಬಂತು, ಕುಡಿದುಬಿಟ್ಟೆ.
ಒಂದೇ ಕಪ್. ಹಾಲು ಹಾಕಿದ್ದು.
ಹೇಳದೆ ಇದ್ದಿದ್ದರೆ ನನಗೆ ತಿಳಿಯುತ್ತಿರಲಿಲ್ಲ.
ಅವಳ ಸಂಖ್ಯೆಯ ಮುಂದೆ ‘ಹೊರಗಿಡಲಾಗಿದೆ’ ಎಂದು ಬರೆದೆ.
ಕಾರಣ ಎಂಬ ಕಿರಿದಾದ ಚೌಕದಲ್ಲಿ: ಚಹಾ.
ಅಕ್ಕ, ಅಪ್ಪ, ಬಸ್‌ಸ್ಟಾಪು ಅದರಲ್ಲಿ ಹಿಡಿಸಲಿಲ್ಲ.

ಹಾಗಾದರೆ ರಕ್ತ ಬೇಡವಾ?
ಅಷ್ಟರಲ್ಲಿ ತೋಳು ಮಡಚಿಯಾಗಿತ್ತು.
ತೆಗೆದೆ. ನಮ್ಮ ಲೆಕ್ಕಕ್ಕಲ್ಲ, ಅವಳ ಡಾಕ್ಟರಿಗೆ ಕಳಿಸಲು.
ಕೊಳವೆ ತುಂಬುವ ತನಕ ಇಬ್ಬರೂ ಅದನ್ನೇ ನೋಡಿದೆವು.
ಇಷ್ಟು ಕೆಂಪಗಿದೆಯಲ್ಲ, ಅಂದಳು ಗ್ಲೆನಿಸ್,
ಯಾರನ್ನೋ ದೂರುವವಳ ಹಾಗೆ.