ನಂಬರಿಗೆ ಎರಡು ರೂಪಾಯಿ

ಒಂದು ಕುರ್ಚಿಗೆ ಒಂದು ನಂಬರು,
ಒಂದು ನಂಬರಿಗೆ ಎರಡು ರೂಪಾಯಿ.
ಬಣ್ಣ ಕಂಟ್ರಾಕ್ಟರನದು, ಬ್ರಷ್ಷು ನನ್ನದು.
ಸೊನ್ನೆಯಿಂದ ಒಂಬತ್ತರವರೆಗೆ ಕೊರೆದ ತಗಡುಗಳು
ಅಂಗಿಯ ಜೇಬಿನಲ್ಲಿ ಇಸ್ಪೀಟೆಲೆಯ ಹಾಗೆ.
ನೀಲಿ ಪ್ಲಾಸ್ಟಿಕ್ಕು ಸಾಲುಸಾಲಾಗಿ ಕೂತಿದೆ,
ಬಳ್ಳಾರಿ ಬಿಸಿಲಿನ ಪರಿಚಯ ಇನ್ನೂ ಆಗಿಲ್ಲ ಅದಕ್ಕೆ.
ಹೊರಗೆ ಅದಿರಿನ ಲಾರಿ ಹೋದರೆ ಸಾಕು,
ಹಸಿ ಬಿಳುಪಿಗೆ ಕೆಂಪು ಪುಡಿ. ಮತ್ತೆ ತಿದ್ದು.

ಇದರ ಕೆಳಗೆ ಕಲ್ಲಿನ ಮೆಟ್ಟಿಲಿತ್ತು.
ನಾಲ್ಕರ ಮ್ಯಾಚಿಗೆ ಮೂರಕ್ಕೇ ಬಂದು
ಬಿಂದಿಗೆ ನೀರು ಸುರಿದರೆ ಚುಂಯ್ ಎನ್ನುತ್ತಿತ್ತು.
ಜೀನ್ಸ್ ಹೊಲಿಯುವವರು ಬಿಸಾಕಿದ ಚೂರುಬಟ್ಟೆ
ಗಂಟು ಕಟ್ಟಿ ಕುಂಡಿಗೆ ಇಟ್ಟುಕೊಂಡು ಕೂತರೆ
ಅದೇ ನಮ್ಮ ಸೋಫಾ.
ಐದನೇ ಮೆಟ್ಟಿಲಿನ ಒಡಕು ಗಾದಿಲಿಂಗನದು.
ಆ ಸಂದಿಯಲ್ಲಿ ಅವನ ಮಂಡಕ್ಕಿ ಪೊಟ್ಟಣ
ಗಾಳಿ ಬಂದರೂ ನೆಟ್ಟಗೆ ನಿಲ್ಲುತ್ತಿತ್ತು.
ಬೇರೆ ಯಾರೂ ಅಲ್ಲಿ ಕೂರುತ್ತಿರಲಿಲ್ಲ.
ಯಾರೂ ಬರೆದಿಟ್ಟಿರಲಿಲ್ಲ.

ಈಗ ಒಡಕಿಗೆ ಸಿಮೆಂಟು, ಮೇಲೆ ಸಿ ನೂರ ಹದಿನೇಳು.
ಗಾದಿಲಿಂಗ ಹೋಗಿ ಆರು ವರ್ಷ.
ಗೆದ್ದರೂ ಬೈಯುತ್ತಿದ್ದ ಮನುಷ್ಯ,
ಸೋತ ದಿನ ಮಾತ್ರ ಸುಮ್ಮನೆ ಕೂತು
ಮಿರ್ಚಿಯ ತೊಟ್ಟು ಎಣಿಸುತ್ತಿದ್ದ.
ಏಳು ಬರೆಯುವಾಗ ತಗಡು ಸರಿಯಿತು.
ಓರೆಯಾಗಿದೆ. ಇರಲಿ.

ಇಂಜಿನಿಯರಮ್ಮ ಬಂದು ಕೇಳಿದಳು:
ಸಾಬರೆ, ಕೂತು ಹೇಳಿ, ಆಚೆ ಗೋಲು ಕಾಣುತ್ತದಾ?
ಕೂತೆ. ಹೊಸ ಚಾವಣಿಯ ಕಂಬ ನಡುವೆ ನಿಂತಿತ್ತು
ಮದುವೆ ಫೋಟೋದಲ್ಲಿ ಯಾರದೋ ಮಾವನ ಹಾಗೆ.
ಅರ್ಧ ಕಾಣುತ್ತದೆ ಮೇಡಂ,
ಉಳಿದರ್ಧ ಪಕ್ಕದವನು ಹೇಳಬೇಕು ಅಂದೆ.
ನಕ್ಕಳು. ಸೀಮೆಸುಣ್ಣದಲ್ಲಿ ಏಳು ಕುರ್ಚಿಗೆ ಕಾಟು ಹಾಕಿದಳು.
ಏಳು ನಂಬರು, ಹದಿನಾಲ್ಕು ರೂಪಾಯಿ, ಹೋಯಿತು.
ಸುಳ್ಳು ಹೇಳಬಹುದಿತ್ತು.

ಗುಡ್ಡದವರ ಬಗ್ಗೆ ಮಾತ್ರ ಅವಳು ಕೇಳಲಿಲ್ಲ.
ಬಂಡೆಯ ಮೇಲೆ ಕೊಕ್ಕರೆಗಳ ಹಾಗೆ ಕುಕ್ಕರುಗಾಲಲ್ಲಿ
ಟಿಕೇಟಿಲ್ಲದೆ ಮೂರು ತಲೆಮಾರು ನೋಡಿದವರು.
ಎರ್ರಿಸ್ವಾಮಿ ಅಲ್ಲಿಂದಲೇ ರೆಫ್ರಿಯ ಅಮ್ಮನ ತನಕ ಬೈದರೆ
ಇಲ್ಲಿ ಕೆಳಗೆ ಸ್ಪಷ್ಟ ಕೇಳುತ್ತಿತ್ತು.
ಇನ್ನು ಅವರಿಗೆ ಕಾಣುವುದು ತಗಡಿನ ಬೆನ್ನು.
ಗೋಲಾಯಿತೋ ಇಲ್ಲವೋ
ನಮ್ಮ ಗದ್ದಲದಿಂದ ಅಂದಾಜು ಮಾಡಬೇಕು.
ಜೋರಾಗಿ ಕೂಗಬೇಕು ನಾವು, ಅಷ್ಟೇ.

ನಿನ್ನೆ ಕುರ್ಚಿ ಬಿಟ್ಟು ಒಂದು ಬಾಗಿಲು ಬರೆದೆ.
ಮಹಿಳೆಯರು.
ಒಳಗೆ ನಲ್ಲಿ ತಿರುಗಿಸಿದೆ, ನೀರು ಬಂತು.
ಮತ್ತೆ ತಿರುಗಿಸಿದೆ. ಮತ್ತೆ ಬಂತು.
ಇಪ್ಪತ್ತಮೂರು ವರ್ಷ ಮಾಬುನ್ನಿ ಹೇಳಿದ್ದು ಒಂದೇ:
ನಿಮಗೇನು, ಗೋಡೆ ಸಿಕ್ಕರೆ ಆಯಿತು,
ನಾನು ಮೂರು ತಾಸು ಹೇಗೆ ಕೂರಲಿ?
ಅದಕ್ಕೇ ನಾನು ರಾತ್ರಿ ಕಾಲು ತೊಳೆಯುತ್ತ
ಇಡೀ ಮ್ಯಾಚು ಅವಳಿಗೆ ಬಾಯಲ್ಲಿ ಆಡುತ್ತಿದ್ದೆ,
ಸೋತದ್ದನ್ನು ಕೆಲವು ಸಲ ಗೆಲ್ಲಿಸಿದ್ದೂ ಉಂಟು.
ಬಾಗಿಲಿನ ಸುದ್ದಿ ಹೇಳಿದರೆ ರೊಟ್ಟಿ ತಟ್ಟುತ್ತಲೇ ಅಂದಳು:
ಬರ್ತೀನಿ. ನೀವು ಇಷ್ಟು ದಿನ ಹೇಳಿದ್ದರಲ್ಲಿ
ಎಷ್ಟು ಸುಳ್ಳು ಅಂತ ನೋಡಬೇಕು.

ಟಿಕೇಟು ನೂರೈವತ್ತಂತೆ.
ಅಂದರೆ ತಲೆಗೆ ಎಪ್ಪತ್ತೈದು ನಂಬರು.
ಇಬ್ಬರಿಗೆ ಎರಡೂವರೆ ಸಾಲು.
ಬೆಳಗಿನಿಂದ ನೋಟು ಎಣಿಸಿದ ಹಾಗೆ ಬರೆಯುತ್ತಿದ್ದೇನೆ.
ನೂರ ನಲವತ್ತೊಂಬತ್ತಕ್ಕೆ ಮಧ್ಯಾಹ್ನ ಆಯಿತು,
ಬಾಟಲಿಯಲ್ಲಿ ಒಂದು ಗುಟುಕು ನೀರು ಉಳಿದಿತ್ತು.

ನೂರೈವತ್ತು ಬರೆದು, ಕೂರುವ ಮುಂಚೆ
ಆ ಗುಟುಕನ್ನು ಕುರ್ಚಿಯ ಮೇಲೆ ಸುರಿದುಬಿಟ್ಟೆ.
ಹಳೇ ಅಭ್ಯಾಸ.
ಚುಂಯ್ ಎನ್ನಲಿಲ್ಲ.
ಹಸಿ ಸೊನ್ನೆ ಹರಿದು ಮೊಳಕಾಲಿಗೆ ಬಂತು.